ಕ್ರೂಸರ್ ಏರಿದ ಹೆಣ್ಣುಮಕ್ಕಳು

ನಮ್ಮ ಕಡೆ ಹೆಣ್ಣುಮಕ್ಕಳು ಊರು ಬಿಟ್ಟು ಹೊರಡಲು ಮೂರೇ ಕಾರಣಗಳಿಗೆ ಮಂಜೂರಾತಿ ಇದೆ: ದೇವರು, ದವಾಖಾನೆ, ದಿಬ್ಬಣ. ಗಾಣಗಾಪುರದ ದತ್ತ, ನಾಗಾವಿ ಯಲ್ಲಮ್ಮ, ಕಲಬುರಗಿಯ ಶರಣಬಸಪ್ಪನ ತೇರು ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸೊಲ್ಲಾಪುರದ ದವಾಖಾನೆ ಅಂದರೆ ಮನೆಯವರೇ ಬ್ಯಾಗು ಹೊತ್ತು ಬಸ್ ಸ್ಟ್ಯಾಂಡಿನ ತನಕ ಬಂದು ಬಿಡುತ್ತಾರೆ. ಮದುವೆ ಆದರೆ ಸರಿ, ಮಣ್ಣು ಕೊಡುವುದಾದರೂ ಸರಿ, ಹೋಗಲೇಬೇಕು. ಇವು ಮೂರೂ ಅಲ್ಲದೆ ‘ಸುಮ್ಮನ ಹೋಗಿ ಬರ್ತೀನಿ’ ಅಂದು ನೋಡಿ. ಮನೆಯಲ್ಲಿ ಫ್ಯಾನು ನಿಂತ ಹಾಗಾಗುತ್ತದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ, ಆಧಾರ್ ಕಾರ್ಡು ತೋರಿಸಿದರೆ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೀಟು ಹರಿದುಕೊಡತೊಡಗಿದ ಮೇಲೆ ಈ ಸುಮ್ಮನೆ ಹೋಗುವುದು ಒಂದು ಸಾರ್ವಜನಿಕ ದೂರಾಗಿಬಿಟ್ಟಿತು. ಚಹಾದಂಗಡಿಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂತಿರುವವರೇ ‘ಹೆಣ್ಮಕ್ಕಳು ಸುಮ್ಮಸುಮ್ಮನ ತಿರಗಲಾಕತ್ಯಾರ ನೋಡ್ರಿ’ ಎಂದು ಅಲವತ್ತುಕೊಂಡರು. ನನಗೆ ಆಗ ಅನ್ನಿಸಿದ್ದು ಇಷ್ಟೇ: ತಿರುಗಿದ್ದೇವೆ ಅಂತ ಹೆಸರಂತೂ ಬಂದಿದೆ, ಇನ್ನು ನಿಜವಾಗಿ ತಿರುಗದಿದ್ದರೆ ನಷ್ಟ ನಮಗೇ.

ನಾನು ಶಹಾಬಾದದವಳು, ಜೀವವಿಮೆಯ ಏಜೆಂಟ್. ಜನರ ಭಯವೇ ನನ್ನ ಧಂಧೆಯ ಬಂಡವಾಳ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಇಷ್ಟೂ ಊರುಗಳಲ್ಲಿ ನನಗೆ ಪಾಲಿಸಿದಾರರಿದ್ದಾರೆ. ಕಂತು ಕೇಳಲು ಹೋದ ಮನೆಯಲ್ಲಿ ಚಹಾ ಕುಡಿದು, ಚಹಾದ ಜೊತೆಗೆ ಸುಖದುಃಖ ಕುಡಿದು, ಕೊನೆಗೆ ಕಂತು ಮರೆತು ಗೆಳತಿಯರಾದವರು ನಾಲ್ವರು. ಮೊದಲನೆಯವರು ವಾಡಿಯ ವೈನಿ. ಅವರ ಮನೆಯವರು ರೈಲ್ವೆಯಿಂದ ರಿಟೈರಾದವರು. ಎರಡನೆಯವರು ಚಿತ್ತಾಪುರದ ಆಪಾ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಸೇಡಂ ಅಕ್ಕ ಎರಿ ಹೊಲದಲ್ಲಿ ತೊಗರಿ, ಹೆಸರು ಬೆಳೆಯುವವರು, ಹೊಲದ ಲೆಕ್ಕಪತ್ರ ಗಂಡನ ಕೈಗೆ ಕೊಡದವರು. ಎಲ್ಲರಿಗೂ ಹಿರಿಯಳು ಚಿಂಚೋಳಿ ಅತ್ತಿ. ಎಪ್ಪತ್ತು ದಾಟಿದ ಅತ್ತಿಗೆ ಪಾಲಿಸಿ ಸಿಗುವುದು ಕಷ್ಟ, ಆಕೆಗೆ ಅದರ ದರಕಾರೂ ಇಲ್ಲ.

ಆಫ್ರಿಕಾ ನಮ್ಮ ನಡುವೆ ಬಂದದ್ದು ವೈನಿಯ ಮಗಳ ಮೊಬೈಲಿನಿಂದ. ಬೆಂಗಳೂರಿನಲ್ಲಿ ನೌಕರಿ ಮಾಡುವ ಹುಡುಗಿ ತನ್ನಂಥ ಕೆಲವು ಹೆಣ್ಣುಮಕ್ಕಳ ಸಣ್ಣ ಗುಂಪು ಕಟ್ಟಿಕೊಂಡು ಕೆನ್ಯಾದ ಮಸಾಯಿ ಮಾರಾಕ್ಕೆ ಹೋಗಿ ಬಂದಳು. ಗಂಡಸರಿಲ್ಲದ ಗುಂಪು. ಹೋದದ್ದು ಆಗಸ್ಟಿನಲ್ಲಿ. ಸೆರೆಂಗೆಟಿಯ ಕಡೆಯಿಂದ ಹತ್ತು ಲಕ್ಷಕ್ಕೂ ಮಿಕ್ಕ ವೈಲ್ಡ್‌ಬೀಸ್ಟ್‌ಗಳು ಹಸಿರು ಹುಡುಕಿಕೊಂಡು ಮಾರಾ ಹೊಳೆ ದಾಟಿ ಬರುವ ಕಾಲ ಅದು. ವಾಡಿಯ ವೈನಿಯ ಮನೆಯಲ್ಲಿ ಮಂಚದ ಮೇಲೆ ಸಾಲಾಗಿ ಕೂತು ನಾವು ಆ ವಿಡಿಯೋಗಳನ್ನು ನೋಡಿದೆವು. ಮೊಸಳೆ ಬಾಯಿ ತೆರೆದಾಗ ವೈನಿ ‘ಯಪ್ಪಾ’ ಅಂದು ಸೆರಗು ಬಾಯಿಗೆ ಹಿಡಿದರು. ಅದೇ ಹೊತ್ತಿಗೆ ಹೊರಗೆ ಗೂಡ್ಸ್ ಗಾಡಿಯೊಂದು ಮನೆ ನಡುಗಿಸುತ್ತ ಹೋಯಿತು. ಅದಕ್ಕೆ ಯಾರೂ ತಲೆ ಎತ್ತಲಿಲ್ಲ.

ಆಪಾ ಮಾಸ್ತರಿಕೆ ಬಿಡುವವರಲ್ಲ. ಸಿಂಹದ ಹಿಂಡಿನಲ್ಲಿ ಬೇಟೆಯ ಕೆಲಸ ಬಹುಮಟ್ಟಿಗೆ ಹೆಣ್ಣುಗಳದ್ದೇ, ಗಂಡು ತಡವಾಗಿ ಬಂದರೂ ಊಟಕ್ಕೆ ಮೊದಲು ಕೂಡುತ್ತದೆ ಅಂದರು. ‘ಇದರಾಗ ಹೊಸಾದು ಏನ್ ಅದ?’ ಅಂದರು ಸೇಡಂ ಅಕ್ಕ. ಆಫ್ರಿಕಾದ ಚುಕ್ಕೆ ಕತ್ತೆಕಿರುಬದಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು, ಗುಂಪಿನ ಯಜಮಾನಿಕೆಯೂ ಅದರದ್ದೇ ಎಂದಾಗ ಮಾತ್ರ ಅಕ್ಕ ಮೊಬೈಲು ಹತ್ತಿರ ಎಳೆದುಕೊಂಡು ಎರಡನೇ ಸಲ ನೋಡಿದರು.

ಆದರೆ ಮಾತು ತಿರುಗಿದ್ದು ಅತ್ತಿಯಿಂದ. ಒಣಹುಲ್ಲು, ನಡುನಡುವೆ ಜಾಲಿಯಂಥ ಮರ, ಕೆಂಪು ಮಣ್ಣಿನ ದಾರಿ, ದೂರದಲ್ಲಿ ಕೊಂಬಿನ ಪ್ರಾಣಿಗಳು. ಅತ್ತಿ ಕನ್ನಡಕ ಏರಿಸಿ ನೋಡಿ, ‘ಇದೇನ ದೊಡ್ಡದು, ನಮ್ಮ ಚಿಂಚೋಳಿ ಅಡವಿ ಹಂಗೇ ಅದ. ಆನಿ ಒಂದು ಇಲ್ಲ, ಅಷ್ಟೇ’ ಅಂದಳು.

ಅತ್ತಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇತ್ತು, ಅದರೊಳಗೆ ಖರೆಯೂ ಇತ್ತು. ಮಸಾಯಿ ಮಾರಾ ಸುಮಾರು 1,510 ಚದರ ಕಿಲೋಮೀಟರು. ಚಿಂಚೋಳಿ ವನ್ಯಜೀವಿಧಾಮ 134.88. ಅದಕ್ಕೆ 2011ರಲ್ಲಿ ಆ ಪಟ್ಟ ಸಿಕ್ಕಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂಬ ಬಿರುದೂ ಅದರ ಜೊತೆಗಿದೆ. ಬೆಂಗಳೂರಿನವರಿಗೆ ಕರ್ನಾಟಕದ ಕಾಡು ಅಂದರೆ ಬಂಡೀಪುರ, ಕಬಿನಿ, ನಾಗರಹೊಳೆ. ನಮ್ಮ ಜಿಲ್ಲೆಯೆಂದರೆ ಅವರಿಗೆ ಬಿಸಿಲು, ತೊಗರಿ, ಸಿಮೆಂಟು. ಕಲಬುರಗಿಯಲ್ಲೇ ಹುಟ್ಟಿ ಬೆಳೆದವರಲ್ಲೂ ತಮ್ಮ ಜಿಲ್ಲೆಯಲ್ಲಿ ತೋಳ, ಕತ್ತೆಕಿರುಬ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಇರುವ ಒಂದು ಅಭಯಾರಣ್ಯವಿದೆ ಎಂದು ಗೊತ್ತಿಲ್ಲದವರು ಬೇಕಾದಷ್ಟಿದ್ದಾರೆ. ಹುಲಿ ಇಲ್ಲದ ಕಾಡನ್ನು ನಮ್ಮವರು ಕಾಡೆಂದು ಒಪ್ಪುವುದಿಲ್ಲ. ದಫ್ತರದಲ್ಲಿ ಹುಲ್ಲಿನ ಬಯಲಿಗೆ ಕೊಟ್ಟ ಹೆಸರೇ ಖರಾಬು ಜಮೀನು. ಅಂಥ ಹೆಸರು ಹೊತ್ತ ನೆಲಕ್ಕೆ ಟಿಕೀಟು ತೆಗೆಸಿಕೊಂಡು ಯಾರು ಹೋಗುತ್ತಾರೆ?

ನಾವು ಹೋಗುವುದೆಂದಾಯಿತು. ಮಳೆ ಮುಗಿದು ಬಿಸಿಲು ಇನ್ನೂ ಹಲ್ಲು ತೋರಿಸದ ಕಾರ್ತಿಕ ಮಾಸ ಗೊತ್ತುಮಾಡಿದೆವು. ಇನ್ನು ಉಳಿದದ್ದು ಮನೆಗಳು.

ಮನೆಗಳಿಂದ ತಕರಾರು ಬೇರೆಬೇರೆ ಬಂದವು, ಒಳಗಿನ ಎಳೆ ಒಂದೇ. ನಮ್ಮನೆಯಲ್ಲಿ ‘ಜೋಡಿ ಯಾರ್ ಬರ್ತಾರ?’ ಎಂದು ಕೇಳಿದರು. ನಾಲ್ವರ ಹೆಸರು ಹೇಳಿದೆ. ‘ಅದಲ್ಲ, ಜೋಡಿ ಯಾರು?’ ಎಂದು ಮತ್ತೆ ಕೇಳಿದರು. ಅಂದರೆ ಹೆಣ್ಣುಮಕ್ಕಳು ಎಷ್ಟೇ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ, ಹತ್ತು ವರ್ಷದ ಒಬ್ಬ ಹುಡುಗನಿದ್ದರೂ ಲೆಕ್ಕ ಭರ್ತಿ. ವೈನಿಯ ಮನೆಯಲ್ಲಿ ರೊಟ್ಟಿಯ ಪ್ರಶ್ನೆ ಎದ್ದಿತು, ‘ಮನ್ಯಾಗ ರೊಟ್ಟಿ ಯಾರ್ ಬಡೀತಾರ?’ ಎಂದು. ಖಡಕ್ ರೊಟ್ಟಿಯ ಡಬ್ಬಿ ತೋರಿಸಿದರೆ, ‘ಬಿಸಿ ರೊಟ್ಟಿ?’ ಎಂದರು. ಆಪಾನ ಅಮ್ಮೀಜಾನ್‌ಗೆ ಪ್ರಾಣಿಗಳ ಭಯ. ಸೇಡಂ ಅಕ್ಕನ ಗಂಡ ಒಂದೂ ಪ್ರಶ್ನೆ ಕೇಳಲಿಲ್ಲ, ಬರೀ ನಕ್ಕರು. ಆ ನಗೆಗೆ ಅಕ್ಕ ಇವತ್ತಿಗೂ ಅವರನ್ನು ಮಾಫ್ ಮಾಡಿಲ್ಲ.

ನಾನು ನನ್ನ ಧಂಧೆಯ ಭಾಷೆಯಲ್ಲೇ ಮಾತಾಡಿದೆ. ಈ ಐದು ಊರುಗಳಲ್ಲಿ ನಾನು ಕ್ಲೇಮ್ ಕಾಗದ ತುಂಬಿಕೊಟ್ಟವರಲ್ಲಿ ಹೃದಯ ನಿಂತವರಿದ್ದಾರೆ, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರಿದ್ದಾರೆ, ಕಲ್ಲಿನ ಖಣಿಯಲ್ಲಿ ಹೋದವರಿದ್ದಾರೆ, ಸಾಲಕ್ಕೆ ಹೆದರಿ ಹೋದವರೂ ಇದ್ದಾರೆ. ತೋಳ ತಿಂದವರು ಒಬ್ಬರೂ ಇಲ್ಲ. ಇದನ್ನು ಕೇಳಿ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ್ರಾಣಿದ ಮಾತಲ್ಲ, ಮಂದಿದು’ ಅಂದರು. ಆ ಒಂದು ಮಾತಿನಲ್ಲಿ ಅವರು ಖರೆ ಹೇಳಿದರು. ಅಡವಿಯ ಭಯ ಅಂತ ನಮ್ಮನ್ನು ಮನೆಯಲ್ಲಿ ಕೂಡಿಸಿದ್ದು ಅಡವಿಯಲ್ಲ. ಕೊನೆಗೆ ಈ ತಕರಾರನ್ನು ಮುಗಿಸಿದವಳು ಅತ್ತಿ. ಫೋನು ಸ್ಪೀಕರಿಗೆ ಹಾಕಿಸಿ, ‘ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋಗಬೇಕಾದ್ರ ಯಾರ ಚೀಟಿ ತಗೊಂಡಿದ್ದಳಪ್ಪಾ?’ ಎಂದು ಕೇಳಿದಳು. ನಮ್ಮ ಸೀಮೆಯಲ್ಲಿ ಶರಣರ ಹೆಸರು ತೆಗೆದವರ ಮುಂದೆ ವಾದ ನಡೆಯುವುದಿಲ್ಲ.

ಶಹಾಬಾದದಿಂದ ಚಿಂಚೋಳಿಯವರೆಗಿನ ದಾರಿಯಲ್ಲಿ ಮಣ್ಣಿನ ಬಣ್ಣ ಎರಡು ಸಲ ಬದಲಾಗುತ್ತದೆ. ಇದನ್ನು ಕಿಟಕಿಯ ಸೀಟಿನಲ್ಲಿ ಕೂತು ನೋಡಬೇಕು. ಶುರುವಿನಲ್ಲಿ ಬೂದು. ನೆಲವೇ ಕಲ್ಲು, ಅದೂ ಪದರು ಪದರಾಗಿ ಮಲಗಿದ ಸುಣ್ಣದ ಕಲ್ಲು. ನಮ್ಮೂರಿನ ಫರಸಿ ಹಾಸದ ಅಂಗಳ ಈ ಭಾಗದಲ್ಲಿ ಅಪರೂಪ. ಊರ ಸುತ್ತ ಖಣಿಯ ಗುಂಡಿಗಳು, ಗುಂಡಿಯ ತುಂಬ ಮಳೆಯ ಹಸಿರು ನೀರು, ದಂಡೆಯ ಮೇಲೆ ಒಡೆದು ಬಿದ್ದ ಚಿಪ್ಪುಗಳ ಗುಡ್ಡೆ. ವಾಡಿಗೆ ಬಂದರೆ ಅದೇ ಕಲ್ಲು ಪುಡಿಯಾಗಿ ಗಾಳಿಯಲ್ಲಿರುತ್ತದೆ. 1968ರಿಂದ ಸಿಮೆಂಟು ಮಾಡುತ್ತಿರುವ ಊರು. ಅದಕ್ಕೂ ಮೊದಲಿನ ವಾಡಿಯ ಹೆಸರು ರೈಲಿನದು: ಮುಂಬಯಿ ಮದ್ರಾಸಿನ ಹಳಿಗೆ ನಿಜಾಮನ ಸಿಕಂದರಾಬಾದಿನ ಹಳಿ 1874ರಲ್ಲಿ ಇಲ್ಲೇ ಬಂದು ಕೂಡಿತು. ರಾತ್ರಿಯೆಲ್ಲ ಗಾಡಿ ಬದಲಿಸುವ ಪ್ರಯಾಣಿಕರನ್ನು ನೋಡುತ್ತ ಮುಪ್ಪಾದ ವೈನಿ ಸ್ವಂತಕ್ಕೆ ಗಾಡಿ ಹತ್ತಿದ್ದು ಮಗಳ ಬಾಣಂತನಕ್ಕೆ ಮಾತ್ರ.

ಚಿತ್ತಾಪುರದಲ್ಲಿ ಆಪಾ ಹತ್ತಿದರು, ಕೊರಳಲ್ಲಿ ಶಾಲೆಯ ದುರ್ಬೀನು. ಕಂಡಕ್ಟರು ನಮ್ಮೆಲ್ಲರ ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೀಟು ಕೊಡುತ್ತ, ದುರ್ಬೀನಿನ ಕಡೆ ಕಣ್ಣು ಹಾಕಿ, ‘ಎಲ್ಲಿಗ್ರಿ ಅಕ್ಕೋರೆ, ಸೆನ್ಸಸ್ ಏನ್ರಿ?’ ಅಂದ. ‘ಸಫಾರಿಗಪಾ’ ಎಂದರು ಆಪಾ, ಹಾಜರಿ ಕರೆಯುವ ದನಿಯಲ್ಲಿ. ಇಡೀ ಬಸ್ಸು ತಿರುಗಿ ನೋಡಿತು.

ಅಲ್ಲಿಂದ ಮುಂದೆ ಎರಿ. ಕರಿ ಮಣ್ಣು, ಅದರ ಮೇಲೆ ಕಣ್ಣು ಹೋದಷ್ಟು ದೂರ ತೊಗರಿ, ಹಳದಿ ಹೂವು ಬಿಟ್ಟು ನಿಂತ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾನ್ಯತೆ ಬಂದ ಮೇಲೆ ಭಾವ ಏರಿತೇನು ಅಂತ ಸೇಡಂ ಅಕ್ಕನನ್ನು ಕೇಳಬೇಡಿ, ಆಕೆಯ ಉತ್ತರ ಅಚ್ಚಿನಲ್ಲಿ ಬರುವಂಥದ್ದಲ್ಲ. ಕಾಗಿಣಾ ದಂಡೆಯ ಮಳಖೇಡ ಈ ದಾರಿಯ ಊರೇ. ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ನಾವು ಆ ಕಡೆ ಕೈಮುಗಿದು ಮುಂದೆ ಹೋದೆವು. ಇತಿಹಾಸಕ್ಕೆ ಇಳಿದರೆ ದೇವರಿಗೆ ಇಳಿದಂತೆಯೇ, ಆಮೇಲೆ ಅದೊಂದು ಕಾರಣವಾಗಿ ಬಿಡುತ್ತದೆ. ಆವತ್ತು ನಮಗೆ ಕಾರಣ ಬೇಕಿರಲಿಲ್ಲ.

ಸೇಡಂ ದಾಟಿ ಚಿಂಚೋಳಿಯ ಕಡೆ ಹೊರಳಿದ ಮೇಲೆ ನೆಲ ನಿಧಾನಕ್ಕೆ ಏರುತ್ತದೆ, ಕರಿ ತೆಳುವಾಗುತ್ತದೆ, ಆಮೇಲೆ ಒಮ್ಮೆಲೇ ಕೆಂಪು. ಮುರುಮು, ಜಂಬಿಟ್ಟಿಗೆ ಕಲ್ಲು, ಗುಡ್ಡ. ಬೀದರದ ಕಡೆಯ ಮೇಲುನೆಲದ ಸೆರಗು ಇಲ್ಲಿಗೆ ಬಂದು ಮುಟ್ಟುತ್ತದೆ. ರೈಲಿನ ಹಳಿ ಚಿಂಚೋಳಿಗೆ ಬಂದೇ ಇಲ್ಲ.

ಅತ್ತಿ ಬಸ್ ಸ್ಟ್ಯಾಂಡಿನಲ್ಲಿ ಕ್ರೂಸರ್ ಗೊತ್ತುಮಾಡಿಕೊಂಡು ನಿಂತಿದ್ದಳು. ವೈನಿಯ ಮಗಳು ಕೆನ್ಯಾದಲ್ಲಿ ಹತ್ತಿದ್ದೂ ಕ್ರೂಸರೇ, ಟೊಯೊಟಾ ಲ್ಯಾಂಡ್ ಕ್ರೂಸರ್, ಮಾಳಿಗೆ ಎತ್ತಿದರೆ ನಿಂತು ನೋಡಬಹುದು. ನಮ್ಮದು ಮದುವೆಗೆ, ಸಂತೆಗೆ, ಹೊಲದ ಕೂಲಿಗೆ ಓಡಾಡುವ ನಮ್ಮ ಸೀಮೆಯ ಕ್ರೂಸರ್. ಅದರ ಮಾಳಿಗೆಯ ಮೇಲೂ ಜನ ಕೂಡುತ್ತಾರೆ, ಎತ್ತುವ ಅಗತ್ಯವಿಲ್ಲ. ಮುಂದಿನ ಗಾಜಿನ ಮೇಲೆ ಸೇವಾಲಾಲರ ಚಿತ್ರ, ಹಿಂದೆ ಯಾರದೋ ಮದುವೆಯ ಹೂವಿನ ಹಾರ ಒಣಗಿ ಜೋತಿತ್ತು. ಡ್ರೈವರ್ ಹುಡುಗ ಲಂಬಾಣಿ ತಾಂಡಾದವನು. ಹಾಡು ಹಾಕಲಾ ಎಂದ. ಆಪಾ ಕಣ್ಣು ಬಿಟ್ಟದ್ದಕ್ಕೆ ಟೇಪು ಬಂದ್ ಆಯಿತು.

ಅರಣ್ಯ ಕಚೇರಿಯಲ್ಲಿ ಪರವಾನಗಿಯ ಮಾತು ಮುಗಿಸಿ, ಜೊತೆಗೊಬ್ಬ ವಾಚರನನ್ನು ಕೂಡಿಸಿಕೊಂಡು ಚಂದ್ರಂಪಳ್ಳಿಯ ಕಡೆ ಹೊರಟೆವು. ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯ ಕಂಡಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ನಮ್ಮ ಜಿಲ್ಲೆಯಲ್ಲಿ ಇಷ್ಟು ನೀರು ಒಂದೆಡೆ ಕೂತಿರುವುದು ನೋಡಿದರೆ ಯಾರಿಗೂ ಹಾಗಾಗುತ್ತದೆ. ಸುತ್ತ ಸಾಗವಾನಿ, ಮುತ್ತುಗ, ಸೀತಾಫಲದ ಪೊದೆ, ಅಲ್ಲಲ್ಲಿ ಅರಣ್ಯದವರು ಬೆಳೆಸಿದ ಚಂದನ, ರಕ್ತಚಂದನ. ಮರಗಳು ಎತ್ತರವಿಲ್ಲ. ಎತ್ತರ ಬೇಕಿದ್ದರೆ ಮಲೆನಾಡಿಗೆ ಹೋಗಬೇಕು. ಇಲ್ಲಿಯವು ಬೇಸಿಗೆಯಲ್ಲಿ ಎಲೆಯೆಲ್ಲ ಕಳಚಿ, ನೀರಿನ ಖರ್ಚು ನಿಲ್ಲಿಸಿ, ಮುಂದಿನ ಮಳೆಯ ತನಕ ಸಾಲ ಮಾಡದೆ ಬದುಕುವ ಮರಗಳು.

ಸಫಾರಿ ಅಂದರೆ ಬಹುಪಾಲು ಏನೂ ಕಾಣದೆ ಇರುವುದು. ಇದನ್ನು ಯಾರೂ ವಿಡಿಯೋದಲ್ಲಿ ಹಾಕುವುದಿಲ್ಲ. ಮಸಾಯಿ ಮಾರಾದಲ್ಲೂ ದಿನವೆಲ್ಲ ಹುಲ್ಲು ನೋಡಿ ನೋಡಿ ನಿದ್ದೆ ಹೋದೆವು ಅಂತ ವೈನಿಯ ಮಗಳೇ ಹೇಳಿದ್ದಳು. ನಮಗೂ ಮೊದಲಿಗೆ ಕಂಡದ್ದು ಮುಸುವಗಳ ಒಂದು ಸಂಸಾರ, ತಂತಿಯ ಮೇಲೆ ಕಾಜಾಣ, ದಾರಿ ದಾಟಿದ ಕವುಜುಗದ ಜೋಡಿ. ತೋಳ ಅದಾವೇನಪ್ಪಾ ಅಂದರೆ ವಾಚರ್, ‘ಅದಾವ್ರಿ, ನಿಮ್ಮನ್ನ ನೋಡಿ ಹೋಗಿರ್ತಾವ’ ಅಂದ.

ಮುಂದೆ ಒಂದು ತಿರುವಿನಲ್ಲಿ ಅವನೇ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ, ನೆಲದ ಮೇಲೆ ಕೋಲಿನಿಂದ ತೋರಿಸಿದ. ದಾರಿಯ ಅಂಚಿಗೆ ಮೂರ್ನಾಲ್ಕು ಉಂಡೆಗಳು, ಅಡಕೆಗಿಂತ ದೊಡ್ಡವು, ಬೆಳ್ಳಗೆ. ಶಹಾಬಾದದವಳು ನಾನು, ಸುಣ್ಣದ ಕಲ್ಲೆಂದೇ ತಿಳಿದೆ. ಅವನು ಕೋಲಿನಿಂದ ಒತ್ತಿದ. ಹಿಟ್ಟಾಗಿ ಉದುರಿತು. ಒಳಗೆ ಒಂದೆರಡು ಕಂದು ಕೂದಲು, ಉಗುರಿನಷ್ಟು ಎಲುಬಿನ ಚೂರು. ಪಟ್ಟೆ ಕತ್ತೆಕಿರುಬದ ಲದ್ದಿ. ಸತ್ತ ದನದ ಎಲುಬನ್ನು ಅದು ಕಟಕಟ ಕಡಿದು ನುಂಗುತ್ತದೆ, ಎಲುಬಿನ ಸುಣ್ಣವೆಲ್ಲ ಹೀಗೆ ಹೊರಬೀಳುತ್ತದೆ. ತಾಂಡಾದ ಸತ್ತ ದನ ವಾಸನೆ ಹಿಡಿಯುವ ಮೊದಲೇ ಮಾಯವಾಗುವುದು ಇದರ ಪುಣ್ಯದಿಂದ. ಆಪಾ ಮಂಡಿಯೂರಿ ಕೂತು ದುರ್ಬೀನು ತಿರುಗಿಸಿ ಹಿಡಿದು ಭೂತಗನ್ನಡಿಯಂತೆ ಅದನ್ನು ನೋಡಿದರು, ಕರ್ಚೀಫಿನಲ್ಲಿ ಒಂದು ಚೂರು ಕಟ್ಟಿಕೊಳ್ಳಲೂ ಹೊರಟರು. ಅಡವಿಯಿಂದ ಏನೂ ಒಯ್ಯಬಾರದು ಎಂದು ವಾಚರ್ ಬೇಡವೆಂದ. ಪ್ರಾಣಿ ಕಾಣಲಿಲ್ಲ. ಆದರೆ ಹಿಂದಿನ ರಾತ್ರಿ ಅದು ನಿಂತ ಜಾಗದಲ್ಲಿ ನಾವು ನಿಂತಿದ್ದೆವು. ನನಗಂತೂ ಅಷ್ಟು ಸಾಕಿತ್ತು.

ಜಿಂಕೆ ಕಂಡವು. ಜಿಂಕೆ ಅಂದರೆ ನಮ್ಮ ಕಡೆ ಕೃಷ್ಣಮೃಗವೇ. ಅಡವಿ ಮುಗಿದು ಹುಲ್ಲುಬಯಲು ಶುರುವಾಗುವಲ್ಲಿ ಒಂದು ಹಿಂಡು, ಕಂದು ಬಣ್ಣದ ಹೆಣ್ಣುಗಳು, ಮರಿಗಳು, ನಡುವೆ ತಿರುಚಿದ ಕೊಂಬಿನ ಒಂದು ಕರಿಯ ಗಂಡು. ಗಾಡಿಯ ಸದ್ದಿಗೆ ಒಂದು ಹೆಣ್ಣು ಕತ್ತೆತ್ತಿತು, ನೆಗೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುವ ಆ ನೆಗೆತ. ಆಪಾ ಹೇಳಿದರು: ಇಷ್ಟು ವೇಗ ಇವಕ್ಕೆ ಯಾಕೆ ಬೇಕು? ತೋಳಕ್ಕೆ ಇಷ್ಟು ಬೇಡ. ಇವನ್ನು ಅಟ್ಟುತ್ತಿದ್ದ ಚೀತಾ ಒಂದು ಕಾಲಕ್ಕೆ ದಖ್ಖನದಲ್ಲೂ ಇತ್ತು, ನವಾಬರು ಅದನ್ನು ಪಳಗಿಸಿ ಇವುಗಳ ಬೇಟೆಗೆ ಬಿಡುತ್ತಿದ್ದರು. 1952ರಲ್ಲಿ ದೇಶದಲ್ಲಿ ಚೀತಾ ಇಲ್ಲವೆಂದು ಸರಕಾರವೇ ಸಾರಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ನಮ್ಮವರು ಪ್ರಾಣಿ ನೋಡಲು ಆಫ್ರಿಕಾಕ್ಕೆ ಹೋಗುತ್ತಾರೆ, ಆಫ್ರಿಕಾದ ಪ್ರಾಣಿ ನಮ್ಮ ಹುಲ್ಲು ನೋಡಲು ಇಲ್ಲಿಗೆ ಬರುತ್ತದೆ.

ಸೇಡಂ ಅಕ್ಕನಿಗೆ ಈ ಪಾಠ ರುಚಿಸಲಿಲ್ಲ. ‘ನನ್ನ ಹೆಸರು ಬೆಳಿ ಮೇಯ್ದವ್ರು ಇವ್ರೇ ನೋಡ್ರಿ’ ಎಂದು ಹಿಂಡಿನ ಕಡೆ ಬೆರಳು ಮಾಡಿದರು. ಮೊಳಕೆ ಬಂದ ಹೊಲಕ್ಕೆ ಹಿಂಡು ನುಗ್ಗಿದರೆ ಮರುಬಿತ್ತನೆಯೇ ಗತಿ. ಬೇಲಿಗೆ ಹಳೇ ಸೀರೆ ಕಟ್ಟಿ, ರಾತ್ರಿ ಕಾದು, ಪಟಾಕಿ ಹೊಡೆದು ಸೋತವರ ಸಿಟ್ಟು ಅದು. ಕಾಡುಪ್ರಾಣಿಯ ಪ್ರೀತಿ ಹೊಲ ಇಲ್ಲದವರಿಗೆ ಸುಲಭ. ನಾವು ನಾಲ್ವರೂ ಹೊಲ ಇಲ್ಲದವರಂತೆ ಮಾತಾಡಿದ್ದೆವು. ಹಿಂಡು ಮತ್ತೊಮ್ಮೆ ನೆಗೆದಾಗ ಅಕ್ಕ, ‘ಹಾರೋದು ಛಲೋ ಹಾರ್ತಾವ. ಇಲ್ಲೇ ಹಾರಲಿ’ ಅಂದರು.

ಊಟಕ್ಕೆ ಕೂತದ್ದು ಜಲಾಶಯದ ಈಚೆಯ ಬಂಡೆಯ ಮೇಲೆ. ಸಜ್ಜಿ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಆಪಾ ತಂದ ಖಾಗಿನಾ, ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಅತ್ತಿ ಬಂಡೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದಳು, ಚಾಕು ಮುಟ್ಟಿಸಿದರೆ ರುಚಿ ಹೋಗುತ್ತದಂತೆ. ಊಟಕ್ಕೆ ಮೊದಲು ಒಂದು ತುತ್ತು ನಾಲ್ಕು ದಿಕ್ಕಿಗೂ ಚೆಲ್ಲಿದಳು, ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವಂತೆ.

ಊಟಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಪ್ರವಾಸ ಕಥನ ಬರೆಯುವ ಗಂಡಸರು ಅದನ್ನು ಬರೆಯುವುದಿಲ್ಲ, ಅವರಿಗೆ ಅದೊಂದು ವಿಷಯವೇ ಅಲ್ಲ. ಬೆಳಿಗ್ಗೆ ಮನೆ ಬಿಟ್ಟ ಹೆಣ್ಣುಮಕ್ಕಳು ನೀರು ಕುಡಿಯುವುದಿಲ್ಲ. ಕುಡಿದರೆ ಎಲ್ಲಿ ಹೋಗಬೇಕು? ದಾರಿಯಲ್ಲಿ ಒಂದು ಕಡೆ ಬಾಗಿಲಿಗೆ ಬೀಗ, ಇನ್ನೊಂದು ಕಡೆ ಬಾಗಿಲೇ ಇಲ್ಲ. ಶೂನ್ಯ ಟಿಕೀಟು ಕೊಟ್ಟ ಮೇಲೂ ನಮ್ಮ ಪ್ರಯಾಣದ ಉದ್ದವನ್ನು ನಿರ್ಧರಿಸುವುದು ಇದೇ. ಅಡವಿಯಲ್ಲಿ ಆ ಕಷ್ಟವಿರಲಿಲ್ಲ. ಒಬ್ಬರು ಪೊದೆಯ ಹಿಂದೆ ಹೋದರೆ ಉಳಿದವರು ಬೆನ್ನು ಮಾಡಿ ಸೆರಗು ಹರಡಿ ನಿಂತರೆ ಆಯಿತು. ಮಸಾಯಿ ಮಾರಾದಲ್ಲೂ ಇದೇ ಪದ್ಧತಿಯಂತೆ. ಗೈಡ್ ಮೊದಲು ಇಳಿದು ಪೊದೆಯ ಹಿಂದೆ ಸಿಂಹ ಮಲಗಿದೆಯೇ ನೋಡಿ ಬರುತ್ತಾನೆ, ಆಮೇಲೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಲಕ್ಷಗಟ್ಟಲೆ ಕೊಟ್ಟು ಹೋದವರಿಗೂ ಬಸ್ಸಿನಲ್ಲಿ ಬಂದ ನಮಗೂ ಪೊದೆ ಒಂದೇ.

ಅಲ್ಲಿಗೇ ತಾಂಡಾದ ಹೆಣ್ಣುಮಕ್ಕಳು ಬಂದರು. ತಲೆಯ ಮೇಲೆ ಸೀತಾಫಲದ ಬುಟ್ಟಿಗಳು, ಅಂಚಿನ ಗುಡ್ಡದಲ್ಲಿ ಕಿತ್ತವು, ಚಿಂಚೋಳಿಯ ಬಜಾರಿಗೆ ಹೊರಟವು. ಅವರೂ ನಾಲ್ಕೈದು ಮಂದಿ, ಅವರ ಜೊತೆಗೂ ಗಂಡಸರಿಲ್ಲ. ಮುಂದಿನಾಕೆ ನಮ್ಮನ್ನೂ ದುರ್ಬೀನನ್ನೂ ನೋಡಿ ನಿಂತು, ಮರುಕದಿಂದ ಕೇಳಿದಳು: ‘ಏನ್ ಕಳಕೊಂಡೀರಿ ಅಕ್ಕಾ? ದನ ತಪ್ಪಿಸ್ಕೊಂಡಾವೇನು?’

ಇಲ್ಲ, ಸುಮ್ಮನ ಅಡವಿ ನೋಡಲಾಕ ಬಂದೀವಿ ಅಂದೆ. ಆಕೆ ಹಿಂದಿನವರಿಗೆ ತಮ್ಮ ಮಾತಿನಲ್ಲಿ ಅದನ್ನು ಹೇಳಿದಳು. ಬುಟ್ಟಿಗಳು ಬೀಳುವಷ್ಟು ನಕ್ಕರು. ನಾವೂ ನಕ್ಕೆವು. ದಿನಾ ಸೂರ್ಯ ಹುಟ್ಟುವ ಮೊದಲು ಗುಂಪು ಕಟ್ಟಿಕೊಂಡು ಈ ಗುಡ್ಡ ಹತ್ತಿ ಇಳಿಯುವವರು ಅವರು. ಕತ್ತೆಕಿರುಬ ಎಲ್ಲಿ ಮಲಗುತ್ತದೆ, ಯಾವ ಪೊದೆಯಲ್ಲಿ ಹಂದಿ ಮರಿ ಹಾಕಿದೆ, ಯಾವ ಹಳ್ಳದಲ್ಲಿ ಇನ್ನೂ ನೀರಿದೆ ಎಂಬುದೆಲ್ಲ ಅವರಿಗೆ ಗೊತ್ತು. ಅದನ್ನು ಯಾರೂ ಸಾಹಸ ಅನ್ನುವುದಿಲ್ಲ, ಕೂಲಿ ಅನ್ನುತ್ತಾರೆ. ಅವರ ಜೊತೆ ಗಂಡಸು ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ, ಬುಟ್ಟಿ ತುಂಬಿದ್ದರೆ ಸಾಕು. ಬುಟ್ಟಿ ಇಲ್ಲದೆ ಬಂದ ನಮಗೆ ಮಾತ್ರ ಎಲ್ಲ ಪ್ರಶ್ನೆಗಳೂ. ಹೋಗುವ ಮುಂಚೆ ಆಕೆ ನಮ್ಮ ಉಡಿಯಲ್ಲಿ ಹಣ್ಣು ಹಾಕಿ, ರೊಕ್ಕ ಕೊಟ್ಟರೆ ಬೈದಳು. ಒಂದು ಖಡಕ್ ರೊಟ್ಟಿಯ ಕಟ್ಟು ತೆಗೆದುಕೊಂಡಳು.

ಅವರು ಹೋದ ಮೇಲೆ ಅತ್ತಿ ಎಪ್ಪತ್ತೆರಡರ ಬರ ನೆನೆಸಿಕೊಂಡಳು. ಆಗ ಆಕೆ ಹೊಸ ಸೊಸೆ. ಕೆರೆ ಬತ್ತಿ, ಬಾವಿ ಬತ್ತಿ, ದನಗಳನ್ನು ಅಡವಿಗೆ ಬಿಟ್ಟು ಕೈಮುಗಿದು ಬಂದರಂತೆ. ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದು, ರೇಷನ್ನಿನ ಕೆಂಪು ಜೋಳ ತಿಂದು, ಹಳ್ಳದ ಉಸುಕು ತೋಡಿ ಒರತೆಯ ನೀರು ತುಂಬಿಕೊಂಡು ಬರುತ್ತಿದ್ದರು. ಆ ಒರತೆ ತೋರಿಸಿದವಳು ಅತ್ತಿಯ ಅತ್ತಿ. ಆಕೆಗೆ ಅದು ಗೊತ್ತಿದ್ದದ್ದು ಇನ್ನೂ ಹಿಂದಿನ ಯಾವುದೋ ಬರದಿಂದ. ‘ಆ ಜಾಗ ನನಗ ಈಗೂ ಗೊತ್ತದ. ನನ್ನ ಸೊಸಿಗೆ ಗೊತ್ತಿಲ್ಲ. ಆಕಿ ನಳ ತಿರುವತಾಳ’ ಅಂದಳು.

ಆಪಾ ಅಲ್ಲಿ ಒಂದು ಸಂಗತಿ ಹೇಳಿದರು, ನಾನು ಅದನ್ನು ಆಮೇಲೆ ಹುಡುಕಿ ಓದಿದೆ. 1993ರಲ್ಲಿ ತಾಂಜಾನಿಯಾದ ತರಂಗಿರೆ ಉದ್ಯಾನದಲ್ಲಿ ಭಾರೀ ಬರ ಬಿತ್ತು. ಆನೆಯ ಹಿಂಡಿಗೆ ಯಜಮಾನಿ ಒಂದು ಹಿರಿಯ ಹೆಣ್ಣಾನೆ. ವಯಸ್ಸಾದ ಯಜಮಾನಿಯರಿದ್ದ ಹಿಂಡುಗಳು ಉದ್ಯಾನ ಬಿಟ್ಟು ದೂರ ಹೋಗಿ ಮೇವು ನೀರು ಹುಡುಕಿಕೊಂಡವು, ಅವುಗಳ ಮರಿಗಳು ಹೆಚ್ಚು ಉಳಿದವು. ಚಿಕ್ಕ ವಯಸ್ಸಿನ ಯಜಮಾನಿಯ ಹಿಂಡು ಅಲ್ಲೇ ಉಳಿದು ಹೆಚ್ಚು ಮರಿಗಳನ್ನು ಕಳೆದುಕೊಂಡಿತು. ಮುದಿಯಾನೆಗಳು ಎಳೆಯವಾಗಿದ್ದಾಗ 1958ರಿಂದ 61ರವರೆಗಿನ ಬರ ಕಂಡಿದ್ದವು, ಆಗ ನಡೆದ ದಾರಿಯ ನೆನಪು ಇದ್ದಿರಬೇಕು ಎಂದು ಅಧ್ಯಯನ ಮಾಡಿದವರು ಊಹಿಸಿದರು. ಅತ್ತಿ ಕೇಳಿ, ‘ಅದಕ್ಕ ಓದಬೇಕಾತೇನು?’ ಅಂದು ಕೈ ತೊಳೆಯಲು ಎದ್ದಳು.

ಎತ್ತಿಪೋತಾ ಜಲಪಾತಕ್ಕೂ ಹೋದೆವು. ಮಳೆ ಚೆನ್ನಾಗಿ ಆಗಿದ್ದರಿಂದ ಬಂಡೆಯ ಮೇಲಿಂದ ಬೆಳ್ಳಗೆ ಸುರಿಯುತ್ತಿತ್ತು. ಅಲ್ಲಿ ಗದ್ದಲ, ಸೆಲ್ಫಿ, ಒಡೆದ ಬಾಟಲಿ. ಹೆಚ್ಚು ಹೊತ್ತು ನಿಲ್ಲಲಿಲ್ಲ.

ರಾತ್ರಿ ಮನೆಯಲ್ಲಿ ಕೇಳಿದರು, ಹುಲಿ ಕಂಡಿತೇನು? ಅಲ್ಲಿ ಹುಲಿ ಇಲ್ಲ ಅಂದೆ. ಚಿರತೆ? ಕಾಣಲಿಲ್ಲ. ತೋಳ? ಅದೂ ಇಲ್ಲ. ‘ಮತ್ತ ಯಾಕ್ ಹೋದ್ರಿ?’ ಆ ಪ್ರಶ್ನೆಗೆ ನಾನು ಉತ್ತರ ಕೊಡದೆ ಸೀತಾಫಲ ಕೊಟ್ಟೆ. ಈಗ ವೈನಿ ತೋಳ ನೋಡಲೇಬೇಕೆಂದು ಹಟ ಹಿಡಿದಿದ್ದಾರೆ, ಸೇಡಂ ಅಕ್ಕನ ಗಂಡ ತಮ್ಮನ್ನೂ ಕರೆಯಿರಿ ಅನ್ನುತ್ತಿದ್ದಾರಂತೆ. ಅರ್ಜಿ ಪರಿಶೀಲನೆಯಲ್ಲಿದೆ.

ನೀವೂ ಹೋಗುವುದಾದರೆ ಮಳೆ ನಿಂತ ಮೇಲೆ, ಸಂಕ್ರಾಂತಿಯ ಒಳಗೆ ಹೋಗಿ. ಬೇಸಿಗೆಯಲ್ಲಿ ಜಲಪಾತ ಬತ್ತಿರುತ್ತದೆ, ಬಂಡೆ ಕಾದು ಕಾಲಿಡಲಾಗುವುದಿಲ್ಲ. ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಸ್ಥಳೀಯ ವಾಚರ್ ಇಲ್ಲದೆ ಒಳಗೆ ಹೋಗಬೇಡಿ. ಸಂಜೆಯ ಕಡೇ ಬಸ್ಸು ಎಷ್ಟಕ್ಕೆಂದು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಹಾಡು ಹಾಕಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ, ಆಧಾರ್ ಕಾರ್ಡು ಮರೆಯಬೇಡಿ. ರೊಟ್ಟಿ ಎರಡು ಕಟ್ಟು ಜಾಸ್ತಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇರುವ ಒಬ್ಬ ಮುದುಕಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಮುಂದಿನ ಸೀಟು ಆಕೆಗೆ ಕೊಡಿ.